ಲೋಕಲ್‌ನಲ್ಲಿದ್ದಾಗ ಶುಗರ್ ಇಳಿದರೆ ಏನು ಮಾಡಬೇಕು?

ಟೈಪ್ ಒನ್ ಡಯಾಬಿಟಿಸ್ ಇರುವವರ ಮೈ ಸ್ವಂತ ಇನ್ಸುಲಿನ್ ಮಾಡುವುದಿಲ್ಲ, ಹೊರಗಿನಿಂದ ತಗೊಳ್ಳಬೇಕು. ಅದು ಹೆಚ್ಚಾದರೆ ರಕ್ತದ ಸಕ್ಕರೆ, ಅಂದರೆ ಶುಗರ್, ತೀರಾ ಇಳಿಯುತ್ತದೆ. ಇಂಥವರಿಗೆ ಮನೆಯಲ್ಲಿ ಶುಗರ್ ಇಳಿಯುವುದು ಬೇರೆ, ಮುಂಬಯಿಯ ಲೋಕಲ್ ರೈಲಿನಲ್ಲಿ, ಅದೂ ಸಂಜೆ ಹೊತ್ತಿನ ಡೊಂಬಿವಲಿ ಫಾಸ್ಟ್‌ನಲ್ಲಿ ಇಳಿಯುವುದು ಬೇರೆ. ಮನೆಯಲ್ಲಾದರೆ ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬಿ ತೆಗೆದರಾಯಿತು. ಗಾಡಿಯಲ್ಲಿ ಹಾಗಲ್ಲ. ಬ್ಯಾಗು ಮೇಲಿನ ರ‍್ಯಾಕ್‌ನಲ್ಲಿರುತ್ತದೆ. ನೀವು ಎರಡು ಸೀಟಿನ ನಡುವೆ ಸಿಕ್ಕಿಕೊಂಡಿರುತ್ತೀರಿ. ಬ್ಯಾಗಿನಲ್ಲಿ ಗ್ಲೂಕೋಸ್ ಇದ್ದರೂ ಆ ಹೊತ್ತಿಗೆ ಅದು ಇದ್ದೂ ಇಲ್ಲದ ಹಾಗೆ.

ಆದ್ದರಿಂದ ಮುಂಬಯಿಯಲ್ಲಿ ಓಡಾಡುವವರಿಗೆ ಮೊದಲ ನಿಯಮ ಇದು: ಸಕ್ಕರೆ ಮೈಮೇಲೇ ಇರಬೇಕು. ಪ್ಯಾಂಟಿನ ಜೇಬು, ಶರ್ಟಿನ ಜೇಬು, ಕುರ್ತಾದ ಜೇಬು, ಯಾವುದಾದರೂ ಸರಿ. ಸೀರೆ ಉಡುವವರು, ಜೇಬಿಲ್ಲದ ಡ್ರೆಸ್ ಹಾಕುವವರು ಮೊಬೈಲ್ ಇಡುವ ಚಿಕ್ಕ ಪೌಚನ್ನು ಕೊರಳಿಗೆ ಹಾಕಿಕೊಳ್ಳಿ. ಒಂದೇ ಕೈಯಲ್ಲಿ, ನೋಡದೆಯೇ ತೆಗೆಯುವ ಹಾಗಿರಬೇಕು.

ಇಲ್ಲಿ ಹೇಳಿರುವ ಅಳತೆಗಳು ದೊಡ್ಡವರಿಗೆ ಸಾಮಾನ್ಯವಾಗಿ ಹೇಳುವಂಥವು. ನಿಮ್ಮ ಡಾಕ್ಟರು ಬೇರೆ ಹೇಳಿದ್ದರೆ ಅದೇ ಸರಿ. ಚಿಕ್ಕ ಮಕ್ಕಳಿಗೆ ತೂಕ ನೋಡಿ ಕಡಿಮೆ ಕೊಡುತ್ತಾರೆ. ಎಷ್ಟು ಎಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ಹೊರಡುವ ಮುಂಚೆ ಜೇಬಿಗೆ ಏನು?

ಒಂದು ಸಲಕ್ಕೆ ಬೇಕಾಗುವುದು ಸುಮಾರು 15 ಗ್ರಾಂ ಸಕ್ಕರೆ. ಗ್ಲೂಕೋಸ್ ಮಾತ್ರೆ ಸಿಕ್ಕರೆ ಅದೇ ಒಳ್ಳೆಯದು. ಸಾಮಾನ್ಯವಾಗಿ ಒಂದು ಮಾತ್ರೆಯಲ್ಲಿ 4 ಗ್ರಾಂ ಇರುತ್ತದೆ. ನಾಲ್ಕು ಜಗಿದರೆ 16 ಗ್ರಾಂ ಆಯಿತು. ಎಲ್ಲ ಮೆಡಿಕಲ್‌ಗಳಲ್ಲೂ ಇದು ಸಿಗುವುದಿಲ್ಲ. ಆದರೆ ಗ್ಲೂಕಾನ್-ಡಿ ಥರದ ಗ್ಲೂಕೋಸ್ ಪುಡಿ ಯಾವ ಗಲ್ಲಿಯ ಅಂಗಡಿಯಲ್ಲೂ ಸಿಗುತ್ತದೆ. ಹದಿನೈದು ಹದಿನೈದು ಗ್ರಾಂ ತೂಗಿ, ಚಿಕ್ಕ ಚಿಕ್ಕ ಪ್ಲಾಸ್ಟಿಕ್ ಪೊಟ್ಟಣ ಮಾಡಿಡಿ. ಅದೂ ಬೇಡವೆಂದರೆ ಬರೀ ಸಕ್ಕರೆ. ಮೂರು ಟೀ ಚಮಚ ಸಕ್ಕರೆ ಎಂದರೆ ಹೆಚ್ಚುಕಡಿಮೆ 12ರಿಂದ 15 ಗ್ರಾಂ.

ಒಂದು ಪೊಟ್ಟಣ ಸಾಲದು. ಮೊದಲನೆಯದು ತಿಂದ ಮೇಲೂ ಶುಗರ್ ಏರದಿದ್ದರೆ ಎರಡನೆಯದು ಬೇಕು. ಗಾಡಿ ನಡುವೆ ನಿಂತುಬಿಟ್ಟರೆ ಮೂರನೆಯದೂ ಬೇಕಾಗಬಹುದು. ಮಳೆಗಾಲದಲ್ಲಿ ಪುಡಿ ತೇವ ಹಿಡಿದು ಗಟ್ಟಿಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗಾಗ ತೆಗೆದು ನೋಡಿ, ಹೊಸದು ಹಾಕಿ.

ಚಾಕೊಲೇಟ್ ಇಟ್ಟುಕೊಳ್ಳುವವರು ಜಾಸ್ತಿ. ದಯವಿಟ್ಟು ಬೇಡ. ಅದರಲ್ಲಿರುವ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡ ಮಾಡುತ್ತದೆ. ಮೇ ತಿಂಗಳಲ್ಲಿ ಜೇಬೂ ಹಾಳು. ಪೇಡೆ, ಲಾಡು, ತುಪ್ಪ ಸುರಿದ ಶಿರಾ, ಇವಕ್ಕೂ ಅದೇ ಕಾರಣ.

ಇನ್ನೊಂದು, ಒಂದು ಚೀಟಿ. ರೈಲಿನ ಪಾಸ್ ಇಡುವ ಪ್ಲಾಸ್ಟಿಕ್ ಕವರಿನಲ್ಲೇ ಅದೂ ಇರಲಿ. ‘ನನಗೆ ಟೈಪ್ ಒನ್ ಡಯಾಬಿಟಿಸ್ ಇದೆ, ಇನ್ಸುಲಿನ್ ತಗೊಳ್ಳುತ್ತೇನೆ. ನಾನು ತೊದಲುತ್ತಿದ್ದರೆ ಸಕ್ಕರೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ’ ಎಂದು ಮರಾಠಿಯಲ್ಲೂ ಹಿಂದಿಯಲ್ಲೂ ಬರೆದಿರಬೇಕು. ಕೆಳಗೆ ಮನೆಯವರ ನಂಬರು. ಕನ್ನಡದಲ್ಲಿ ಬರೆದರೆ ಕನ್ನಡಿಗರಿರುವ ಮಾಟುಂಗಾದಲ್ಲಿ ಯಾರಾದರೂ ಓದಿಯಾರು, ಕಾಂದಿವಲಿಯ ಪ್ಲಾಟ್‌ಫಾರಂನಲ್ಲಿ ಕಷ್ಟ. ಶುಗರ್ ತೀರಾ ಇಳಿದವರ ನಡಿಗೆ, ಮಾತು ನೋಡಿದರೆ ಕುಡಿದವರ ಹಾಗೇ ಕಾಣುತ್ತದೆ. ಜನ ದೂರ ಸರಿಯುವುದೂ ಅದಕ್ಕೇ. ಆಗ ನಿಮ್ಮ ಪರವಾಗಿ ಮಾತಾಡುವುದು ಈ ಚೀಟಿ ಮಾತ್ರ.

ಇಳಿಯುತ್ತಿದೆ ಅಂತ ತಿಳಿಯುವುದು ಹೇಗೆ?

ಲೆಕ್ಕ ಸುಲಭ. 70ಕ್ಕಿಂತ (ಮಿ.ಗ್ರಾಂ/ಡಿ.ಎಲ್.) ಕೆಳಗೆ ಹೋದರೆ ಲೋ. 54ಕ್ಕಿಂತ ಕೆಳಗಾದರೆ ತೀರಾ ಲೋ. ಬೇರೆಯವರ ಸಹಾಯ ಇಲ್ಲದೆ ಆಗುವುದೇ ಇಲ್ಲ ಎನ್ನುವ ಸ್ಥಿತಿ ಬಂದರೆ, ನಂಬರ್ ಎಷ್ಟೇ ಇರಲಿ, ಅದು ತುರ್ತು ಸ್ಥಿತಿ.

ಮೈ ಅಷ್ಟು ಸುಲಭವಾಗಿ ಹೇಳುವುದಿಲ್ಲ. ಕೈ ನಡುಗುವುದು, ಬೆವರುವುದು, ಎದೆ ಹೊಡೆದುಕೊಳ್ಳುವುದು, ತಡೆಯಲಾರದ ಹಸಿವು, ಇವು ಮೊದಲು ಬರುವ ಲಕ್ಷಣಗಳು. ಶುಗರ್ ಇಳಿದಾಗ ದೇಹ ಅಡ್ರಿನಲಿನ್ ಬಿಡುವುದರಿಂದ ಹೀಗಾಗುತ್ತದೆ. ಆಮೇಲೆ ಮೆದುಳಿಗೇ ಸಕ್ಕರೆ ಸಾಲದೆ ಬರುವ ಲಕ್ಷಣಗಳು: ಕಣ್ಣು ಮಂಜಾಗುವುದು, ಮಾತು ತಡವರಿಸುವುದು, ಸುಮ್ನೆ ಸಿಟ್ಟು ಬರುವುದು, ಯಾವ ಸ್ಟೇಷನ್ ಬಂತು ಅಂತಲೇ ತಿಳಿಯದಿರುವುದು.

ತೊಂದರೆ ಏನೆಂದರೆ, ಅಕ್ಟೋಬರ್ ಸೆಕೆಯಲ್ಲಿ ದಾದರ್ ಸ್ಟೇಷನ್ನಿನ ಸೇತುವೆ ಹತ್ತಿ ಇಳಿದರೆ ಯಾವ ಕಾಯಿಲೆ ಇಲ್ಲದವರಿಗೂ ಬೆವರು, ಎದೆಬಡಿತ ಎರಡೂ ಬರುತ್ತವೆ. ಇದು ಲೋ ಇರಬಹುದೋ ಸೆಕೆಯೋ ಎಂದು ಯೋಚಿಸುತ್ತಾ ಐದು ನಿಮಿಷ ಕಳೆಯಬೇಡಿ. ಕೈಗೆ ಶುಗರ್ ಅಳೆಯುವ ಮೀಟರ್ ಸಿಗುವ ಹಾಗಿದ್ದರೆ ಬೆರಳು ಚುಚ್ಚಿ ನೋಡಿ. ಸಿಗದಿದ್ದರೆ ಲೋ ಎಂದೇ ತಿಳಿದು ಸಕ್ಕರೆ ತಿನ್ನಿ. ಅಂದಾಜು ತಪ್ಪಿದರೆ ಶುಗರ್ ಸ್ವಲ್ಪ ಏರೀತು, ಅದನ್ನು ಆಮೇಲೆ ಸರಿಮಾಡಿಕೊಳ್ಳಬಹುದು. ಗಾಡಿಯ ಬಾಗಿಲಲ್ಲಿ ಎಚ್ಚರ ತಪ್ಪಿದರೆ ಸರಿಮಾಡಲು ಏನೂ ಉಳಿಯುವುದಿಲ್ಲ.

ಮತ್ತೆ ಮತ್ತೆ ಲೋ ಆಗುವವರಲ್ಲಿ, ವರ್ಷಗಳಿಂದ ಕಾಯಿಲೆ ಇರುವವರಲ್ಲಿ ಈ ನಡುಕ, ಬೆವರು ಕಾಣಿಸದೇ ಹೋಗಬಹುದು. ನೇರವಾಗಿ ಗೊಂದಲವೇ ಶುರುವಾಗುತ್ತದೆ. ಅಂಥವರು ಲಕ್ಷಣ ನಂಬಿ ಕೂರುವಂತಿಲ್ಲ. ಗಾಡಿ ಹತ್ತುವ ಮುಂಚೆ ಮೀಟರ್ ಅಥವಾ ತೋಳಿಗೆ ಹಾಕುವ ಶುಗರ್ ಸೆನ್ಸರ್ ನೋಡಿಯೇ ಹತ್ತಬೇಕು.

ಈಗ ಲೋ ಆಗಿದೆ. ಮುಂದೇನು?

1. ಬಾಗಿಲ ಹತ್ತಿರ ನಿಂತಿದ್ದರೆ ಒಳಗೆ ಬನ್ನಿ. ಪ್ಲಾಟ್‌ಫಾರಂನಲ್ಲಿದ್ದರೆ ಅಂಚಿನಿಂದ ದೂರ ಹೋಗಿ ಕುಳಿತುಕೊಳ್ಳಿ. ಗಾಡಿಯಲ್ಲಿ ನಾಚಿಕೆ ಬಿಟ್ಟು ಸೀಟು ಕೇಳಿ. ‘ಚಕ್ಕರ್ ಆ ರಹಾ ಹೈ’ (ತಲೆ ಸುತ್ತುತ್ತಿದೆ) ಎಂಬ ಮೂರ್ನಾಲ್ಕು ಪದಕ್ಕೆ ಮುಂಬಯಿಯ ಲೋಕಲ್‌ನಲ್ಲಿ ಬೆಲೆ ಇದೆ. ಮೂವರ ಬೆಂಚಿನಲ್ಲಿ ನಾಲ್ಕನೇ ಸೀಟಿಗೆ ಜಗಳ ಆಡುತ್ತಿದ್ದವರೇ ಎದ್ದು ಕೂರಿಸುತ್ತಾರೆ, ನೀರನ್ನೂ ಕೊಡುತ್ತಾರೆ.

2. 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್ ತಿನ್ನಿ. ಮುಂದಿನ ಸ್ಟೇಷನ್‌ನಲ್ಲಿ ಇಳಿದು ತಿನ್ನೋಣ ಅಂತ ಇರಬೇಡಿ. ಬೋರಿವಲಿ ಬಿಟ್ಟ ಫಾಸ್ಟ್ ಅಂಧೇರಿವರೆಗೆ ನಿಲ್ಲದೇ ಹೋಗುವುದುಂಟು. ಕೂತಲ್ಲೇ ತಿನ್ನಿ, ಆಮೇಲೆ ಇಳಿಯುವ ಯೋಚನೆ.

3. ಹದಿನೈದು ನಿಮಿಷ ಕಾಯಿರಿ. ಇಡೀ ಕೆಲಸದಲ್ಲಿ ಕಷ್ಟದ್ದು ಇದೇ. ಲೋ ಆದಾಗಿನ ಹಸಿವು ಬೇರೆಯೇ ಥರದ್ದು, ಇದ್ದದ್ದನ್ನೆಲ್ಲ ತಿನ್ನು ಎನ್ನುತ್ತದೆ. ತಿಂದ ಸಕ್ಕರೆ ಹೊಟ್ಟೆ ದಾಟಿ ಸಣ್ಣ ಕರುಳಿಗೆ ಹೋಗಿ ರಕ್ತ ಸೇರಲು ಇಷ್ಟು ಹೊತ್ತು ಬೇಕು. ಕಾಯದೆ ಎರಡು ಪ್ಯಾಕೆಟ್ ಬಿಸ್ಕತ್ತು, ಜ್ಯೂಸು, ಬಾಳೆಹಣ್ಣು ಎಲ್ಲ ತಿಂದರೆ ಮನೆ ಮುಟ್ಟುವಷ್ಟರಲ್ಲಿ ಶುಗರ್ ಮುನ್ನೂರು ದಾಟಬಹುದು.

4. ಬೆರಳು ಚುಚ್ಚಿ ನೋಡಿ. ಸಕ್ಕರೆ ಮುಟ್ಟಿದ ಕೈಯಾದರೆ ಮೊದಲು ನೀರು ಹಾಕಿ ಒರೆಸಿ. ಇಲ್ಲದಿದ್ದರೆ ಬೆರಳಿಗಂಟಿದ ಸಕ್ಕರೆಯೂ ಸೇರಿ ಮೀಟರ್ ಸುಳ್ಳು ನಂಬರ್ ತೋರಿಸುತ್ತದೆ. ಇನ್ನೂ 70ಕ್ಕಿಂತ ಕೆಳಗಿದ್ದರೆ ಮತ್ತೆ 15 ಗ್ರಾಂ, ಮತ್ತೆ 15 ನಿಮಿಷ.

ತೋಳಿಗೆ ಸೆನ್ಸರ್ ಹಾಕಿಕೊಂಡವರು ಇಲ್ಲಿ ಸ್ವಲ್ಪ ಎಚ್ಚರ. ಸೆನ್ಸರ್ ಅಳೆಯುವುದು ಚರ್ಮದ ಕೆಳಗಿನ ದ್ರವದ ಸಕ್ಕರೆಯನ್ನು. ಅದು ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ನೀವು ಚೇತರಿಸಿಕೊಂಡಿದ್ದರೂ ಮೊಬೈಲ್‌ನಲ್ಲಿ ಶುಗರ್ ಇಳಿಯುತ್ತಿದೆ ಎನ್ನುವ ಬಾಣವೇ ಇರಬಹುದು. ಅದನ್ನು ನೋಡಿ ಹೆದರಿ ಇನ್ನೊಂದು ಸಲ ತಿನ್ನಬೇಡಿ, ಬೆರಳು ಚುಚ್ಚಿಯೇ ತೀರ್ಮಾನಿಸಿ. ತಾನಾಗಿ ಇನ್ಸುಲಿನ್ ನಿಲ್ಲಿಸುವ ಪಂಪ್ ಇರುವವರಿಗೆ 15 ಗ್ರಾಂಗಿಂತ ಕಡಿಮೆ ಸಾಕಾಗಬಹುದು, ಡಾಕ್ಟರನ್ನು ಕೇಳಿ.

5. ಶುಗರ್ ಮೇಲೆ ಬಂದಿತು, ಆದರೆ ಊಟಕ್ಕೆ ಇನ್ನೂ ಒಂದು ಗಂಟೆಗಿಂತ ಜಾಸ್ತಿ ಇದೆ ಅಂದರೆ ಏನಾದರೂ ಸ್ವಲ್ಪ ತಿನ್ನಿ. ಒಂದು ಇಡ್ಲಿ, ಇಲ್ಲವೇ ಒಂದು ಬಾಳೆಹಣ್ಣು, ಇಲ್ಲವೇ ನಾಲ್ಕೈದು ಬಿಸ್ಕತ್ತು, ಇಷ್ಟು ಸಾಕು. ಸಕ್ಕರೆ ಬೇಗ ಏರಿಸುತ್ತದೆ, ಬೇಗ ಮುಗಿದೂ ಹೋಗುತ್ತದೆ. ಹಾಕಿದ ಇನ್ಸುಲಿನ್ ಮಾತ್ರ ಒಳಗೆ ಕೆಲಸ ಮಾಡುತ್ತಲೇ ಇರುತ್ತದೆ.

ಮತ್ತೆ, ಲೋ ಆಯಿತಲ್ಲ ಅಂತ ರಾತ್ರಿಯ ಇನ್ಸುಲಿನ್ನನ್ನೇ ಬಿಡುವವರಿದ್ದಾರೆ. ಟೈಪ್ ಒನ್‌ನಲ್ಲಿ ಅದು ಅಪಾಯ. ಮೈಯಲ್ಲಿ ಸ್ವಂತ ಇನ್ಸುಲಿನ್ ಇಲ್ಲದಿರುವಾಗ ಪೂರ್ತಿ ಬಿಟ್ಟರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ ಆಸ್ಪತ್ರೆ ಸೇರಬೇಕಾಗುತ್ತದೆ. ಡೋಸ್ ಕಡಿಮೆ ಮಾಡಬೇಕೇ ಎಂದು ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ಜೇಬು ಖಾಲಿ, ಸುತ್ತ ಊರೇ ಇದೆ

ಮುಂಬಯಿಯ ಒಂದು ಅನುಕೂಲ ಇದು. ಹತ್ತು ಹೆಜ್ಜೆಗೊಂದು ಚಹಾದ ಟಪರಿ. ಆದರೆ ಕಟಿಂಗ್ ಚಾ (ಅರ್ಧ ಲೋಟದ ಚಹಾ) ಕೇಳಬೇಡಿ. ಅದು ಬಿಸಿ, ಗಟಗಟ ಕುಡಿಯಲು ಆಗದು. ಸಕ್ಕರೆಯೂ ಅದರಲ್ಲಿ ಸಾಲದು. ‘ಮಾಝೀ ಶುಗರ್ ಕಮೀ ಝಾಲೀ ಆಹೇ, ಥೋಡೀ ಸಾಖರ್ ದ್ಯಾ’ ಎಂದು ಬರೀ ಸಕ್ಕರೆ ಕೇಳಿ. ಮರಾಠಿ ಬಾರದಿದ್ದರೂ ಇದೊಂದು ವಾಕ್ಯ ಬಾಯಿಪಾಠ ಇರಲಿ. ಉಡುಪಿ ಹೋಟೆಲ್ ಕಂಡರೆ ಇನ್ನೂ ಸುಲಭ. ಗಲ್ಲಾದಲ್ಲಿ ಕೂತವರಿಗೆ ಕನ್ನಡದಲ್ಲೋ ತುಳುವಿನಲ್ಲೋ ಹೇಳಬಹುದು: ‘ಅಣ್ಣಾ, ಶುಗರ್ ಲೋ ಆಗಿದೆ, ಮೂರು ಚಮಚ ಸಕ್ಕರೆ ಕೊಡಿ.’ ಬಿಲ್ಲು ಕೇಳುವವರನ್ನು ನಾನಂತೂ ಕಂಡಿಲ್ಲ.

ಸಾಮಾನ್ಯ ಕೋಲಾ 150 ಮಿ.ಲೀ. ಕುಡಿದರೆ ಸುಮಾರು 15 ಗ್ರಾಂ ಸಕ್ಕರೆ ಸಿಗುತ್ತದೆ. ಬಾಟಲಿಯ ಮೇಲೆ ಡಯಟ್, ಝೀರೋ ಎಂದಿದ್ದರೆ ಅದು ನೀರಿಗೆ ಸಮ. ಅಂಗಡಿಯವರು ‘ಶುಗರ್’ ಪದ ಕೇಳಿ ಒಳ್ಳೆಯ ಮನಸ್ಸಿನಿಂದ ಅದನ್ನೇ ಕೊಟ್ಟಾರು, ನೋಡಿ ತಗೊಳ್ಳಿ. ಮಾವಿನ ಜ್ಯೂಸಿನ ಪ್ಯಾಕ್ ಆದರೆ ಹಿಂದೆ 100 ಮಿ.ಲೀ.ಗೆ ಎಷ್ಟು ಸಕ್ಕರೆ ಎಂದು ಬರೆದಿರುತ್ತದೆ. ಕಬ್ಬಿನ ಹಾಲು ಬೇಗ ಏರಿಸುತ್ತದೆ, ಅರ್ಧ ಲೋಟ ಸಾಕು. ಎಳನೀರಿನಲ್ಲಿ ಸಕ್ಕರೆ ಕಡಿಮೆ, ಲೋ ಆದಾಗ ಅದನ್ನು ನಂಬಬೇಡಿ. ಪಾರ್ಲೆ-ಜಿ ಗ್ಲೂಕೋಸ್ ಬಿಸ್ಕತ್ತಿನಲ್ಲೂ ಜಾಸ್ತಿ ಇರುವುದು ಗೋಧಿ ಹಿಟ್ಟೇ, ಅದು ಐದನೇ ಹಂತಕ್ಕೆ ಸರಿ, ಎರಡನೇ ಹಂತಕ್ಕಲ್ಲ. ವಡಾ ಪಾವ್ ಹಸಿವಿಗೆ ಚೆಂದ. ಎಣ್ಣೆ ಇರುವುದರಿಂದ ಲೋ ಆದಾಗ ನಿಧಾನ.

ಸಂಕಷ್ಟಿಯ ದಿನ ಸಿದ್ಧಿವಿನಾಯಕನ ಸಾಲಿನಲ್ಲಿ ನಿಂತಿದ್ದಾಗ, ಗಣಪತಿ ಹಬ್ಬಕ್ಕೆ ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ ಪೆಂಡಾಲಿನಲ್ಲಿ ಕಾಯುವಾಗ ಲೋ ಆದರೆ, ಉಪವಾಸ ಮುರಿಯುತ್ತದಲ್ಲ ಅಂತ ತಡ ಮಾಡಬೇಡಿ. ದೇವರು ಕಾಯುತ್ತಾನೆ, ಇನ್ಸುಲಿನ್ ಕಾಯುವುದಿಲ್ಲ.

ಜೊತೆಗಿರುವವರು ಓದಲೇಬೇಕಾದದ್ದು

ಲೋ ಆದವರು ಎಚ್ಚರದಲ್ಲಿದ್ದು, ನುಂಗಲು ಆಗುವಂತಿದ್ದರೆ ಸಕ್ಕರೆ ಕೊಡಿ. ‘ನನಗೇನೂ ಆಗಿಲ್ಲ’ ಎಂದು ರೇಗಿದರೂ ವಾದ ಬೇಡ, ಕೊಡಿ. ಆ ಸಿಟ್ಟೂ ಲೋನ ಲಕ್ಷಣವೇ.

ಎಚ್ಚರ ತಪ್ಪಿದ್ದರೆ, ಮೈ ಸೆಟೆದು ಅದುರುತ್ತಿದ್ದರೆ ಬಾಯಿಗೆ ನೀರು, ಜ್ಯೂಸು, ಸಕ್ಕರೆ ಏನೂ ಹಾಕಬಾರದು. ಅದು ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ಪಕ್ಕಕ್ಕೆ ತಿರುಗಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ. 112 ಕೂಡ ನಡೆಯುತ್ತದೆ. ರೈಲಿನಲ್ಲಿದ್ದರೆ 139ಕ್ಕೆ ತಿಳಿಸಿ, ಮುಂದಿನ ಸ್ಟೇಷನ್‌ನಲ್ಲಿ ಇಳಿಸಿ ಸ್ಟೇಷನ್ ಮಾಸ್ಟರ್‌ಗೆ ಹೇಳಿ. ಇನ್ಸುಲಿನ್ ಚುಚ್ಚಬೇಡಿ. ‘ಡಯಾಬಿಟಿಸ್ ಅಲ್ವಾ, ಇನ್ಸುಲಿನ್ ಕೊಡೋಣ’ ಎಂದು ಗಾಬರಿಯಲ್ಲಿ ಯಾರಾದರೂ ಹೇಳಬಹುದು. ಅದು ಪ್ರಾಣಕ್ಕೇ ಅಪಾಯ.

ಇಂಥ ಹೊತ್ತಿಗೆ ಗ್ಲುಕಗಾನ್ ಎಂಬ ಔಷಧಿ ಇದೆ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಅದು ರಕ್ತಕ್ಕೆ ಬಿಡಿಸುತ್ತದೆ. ಎಲ್ಲ ಮೆಡಿಕಲ್‌ಗಳಲ್ಲಿ ಸಿಗುವುದಿಲ್ಲ. ಬೇಕೇ, ಎಲ್ಲಿ ಸಿಗುತ್ತದೆ ಎಂದು ಡಾಕ್ಟರನ್ನು ಕೇಳಿ. ಸಿಕ್ಕರೆ ಮನೆಯವರಿಗೂ ಆಫೀಸಿನಲ್ಲಿ ಪಕ್ಕ ಕೂರುವವರಿಗೂ ಕೊಡುವುದನ್ನು ಕಲಿಸಿ.

ಯಾಕೆ ಇಳಿಯಿತು?

ಮುಂಬಯಿಯಲ್ಲಿ ಹೆಚ್ಚಾಗಿ ಕಾರಣ ಕಾಯುವುದು ಮತ್ತು ನಡೆಯುವುದು. ಭಾನುವಾರ ಬೆಳಿಗ್ಗೆ ಮಾಟುಂಗಾದ ಕೆಫೆ ಮದ್ರಾಸ್ ಮುಂದೆ ಹೆಸರು ಬರೆಸಿ, ಇನ್ನೇನು ಒಳಗೆ ಕರೆಯುತ್ತಾರೆ ಎಂದು ಇನ್ಸುಲಿನ್ ತಗೊಂಡರೆ ಕೆಟ್ಟಿರಿ. ತಟ್ಟೆ ಮೇಜಿಗೆ ಬಂದ ಮೇಲೆ ತಗೊಳ್ಳುವುದು ಕ್ಷೇಮ. ಊಟಕ್ಕೆ ಅರ್ಧ ಗಂಟೆ ಮುಂಚೆ ತಗೊಳ್ಳುವ ಹಳೆಯ ಬಗೆಯ ರೆಗ್ಯುಲರ್ ಇನ್ಸುಲಿನ್ ಇರುವವರು ಹೋಟೆಲ್ ದಿನ ಏನು ಮಾಡಬೇಕೆಂದು ಡಾಕ್ಟರ ಹತ್ತಿರ ಮೊದಲೇ ಮಾತಾಡಿ.

ವಿಸರ್ಜನೆಯ ಮೆರವಣಿಗೆಯಲ್ಲಿ ಗಂಟೆಗಟ್ಟಲೆ ನಡೆದರೆ, ನವರಾತ್ರಿಯಲ್ಲಿ ಗರ್ಬಾ ಆಡಿದರೆ, ಲೋ ಆಗ ಬರದೆ ರಾತ್ರಿ ನಿದ್ದೆಯಲ್ಲೂ ಬರಬಹುದು. ಮಲಗುವ ಮುಂಚೆ ನೋಡಿಕೊಳ್ಳಿ. ಕುಡಿತವೂ ಹಾಗೆ. ಯಕೃತ್ತು ಮದ್ಯವನ್ನು ಕರಗಿಸುವುದರಲ್ಲಿ ತೊಡಗಿರುವಾಗ ಸಕ್ಕರೆ ಬಿಡುವ ಕೆಲಸ ಹಿಂದೆ ಬೀಳುತ್ತದೆ. ಮಾರನೆಯ ಬೆಳಿಗ್ಗೆವರೆಗೂ ಶುಗರ್ ಇಳಿಯಬಹುದು. ಆಗ ಗ್ಲುಕಗಾನ್ ಕೂಡ ಸರಿಯಾಗಿ ಕೆಲಸ ಮಾಡದು.

ಸ್ವಂತ ವಾಹನ ಓಡಿಸುವವರು ಹೊರಡುವ ಮುಂಚೆ ಶುಗರ್ ನೋಡಲೇಬೇಕು. 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಹೊರಡಿ. ಮುಂಬಯಿಯಿಂದ ನವಿ ಮುಂಬಯಿಗೆ ಹೋಗುವ ಸಮುದ್ರ ಸೇತುವೆ ಅಟಲ್ ಸೇತು ಸುಮಾರು 22 ಕಿಲೋಮೀಟರ್, ನಡುವೆ ಗಾಡಿ ನಿಲ್ಲಿಸುವಂತಿಲ್ಲ. ದಾರಿಯಲ್ಲಿ ಲೋ ಆದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಸಕ್ಕರೆ ತಿನ್ನಿ. ನಂಬರ್ ಸರಿಯಾದ ಮೇಲೂ ಮುಕ್ಕಾಲು ಗಂಟೆ ಬಿಟ್ಟು ಹೊರಡಿ. ಶುಗರ್ ಏರಿದ ಕೂಡಲೇ ಮೆದುಳು ಪೂರ್ತಿ ಚುರುಕಾಗುವುದಿಲ್ಲ.

ಪ್ರತಿ ಲೋ ಆದಾಗಲೂ ಹೊತ್ತು, ನಂಬರ್, ಅದಕ್ಕೆ ಮುಂಚೆ ತಿಂದದ್ದು, ತಗೊಂಡ ಇನ್ಸುಲಿನ್ ಇಷ್ಟನ್ನು ಮೊಬೈಲ್‌ನಲ್ಲಿ ಬರೆದಿಡಿ. ಒಂದೇ ಹೊತ್ತಿಗೆ ಮತ್ತೆ ಮತ್ತೆ ಇಳಿಯುತ್ತಿದ್ದರೆ ಡೋಸ್ ಬದಲಾಗಬೇಕು ಎಂದೇ ಅರ್ಥ. ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಡಾಕ್ಟರಿಗೆ ಆ ಪಟ್ಟಿ ಕಳಿಸಿ. ಎಚ್ಚರ ತಪ್ಪುವಷ್ಟು ಲೋ ಒಂದೇ ಸಲ ಆಗಿದ್ದರೂ ಅದೇ ದಿನ ಕಳಿಸಿ.