ಬಸ್ಕಿ ಹೊಡೆಯುವಾಗ ಇಷ್ಟು ಗಮನಿಸಿ

ಮೊದಲ ದಿನವೇ ಹುಮ್ಮಸ್ಸಿನಲ್ಲಿ 50 ಬಸ್ಕಿ ಹೊಡೆಯುವವರು ಜಾಸ್ತಿ. ಮರುದಿನ ಮೆಟ್ಟಿಲು ಇಳಿಯಲೂ ಆಗುವುದಿಲ್ಲ, ಅಲ್ಲಿಗೆ ವ್ಯಾಯಾಮವೇ ಬಂದ್! ಶುರುವಿಗೆ ಹತ್ತರ ಎರಡು ಸುತ್ತು ಸಾಕು. ಅದಕ್ಕೂ ಮುಂಚೆ ಐದು ನಿಮಿಷ ಚುರುಕಾಗಿ ನಡೆದು ಮೈ ಬಿಸಿ ಮಾಡಿಕೊಳ್ಳಿ. ಎಳೆದು ಹಿಡಿಯುವ ಸ್ಟ್ರೆಚಿಂಗ್ ಕೊನೆಗಿರಲಿ.

ಪಾದಗಳ ನಡುವೆ ಭುಜದಷ್ಟು ಅಂತರ ಇರಲಿ. ಹಿಮ್ಮಡಿ ನೆಲ ಬಿಡಬಾರದು. (ಗರಡಿಮನೆಯ ಬಸ್ಕಿಯಲ್ಲಿ ಹಿಮ್ಮಡಿ ಏಳುತ್ತದೆ ನಿಜ, ಅದು ಪಳಗಿದವರಿಗೆ.) ಮಂಡಿ ಒಳಕ್ಕೆ ವಾಲುವುದೇ ದೊಡ್ಡ ತಪ್ಪು, ಅದು ಕಾಲ್ಬೆರಳಿನ ದಿಕ್ಕಿಗೇ ಬಾಗಲಿ. ಮಂಡಿ ಬೆರಳು ದಾಟಲೇಬಾರದು ಎಂದು ಸುಮ್ನೆ ಹೆದರಿಸುತ್ತಾರೆ, ಸ್ವಲ್ಪ ದಾಟಿದರೆ ಏನೂ ಆಗುವುದಿಲ್ಲ. ಅಂದಾಜು ಸಿಗದಿದ್ದರೆ ಹಿಂದೆ ಕುರ್ಚಿ ಇಟ್ಟುಕೊಂಡು ಕೂತು ಏಳಿ. ವಯಸ್ಸಾದವರಿಗೂ ಇದೇ ಒಳ್ಳೆಯದು.

ತೊಡೆ ನೋವು ಒಂದೆರಡು ದಿನ ಏರಿ ತಾನಾಗಿಯೇ ಇಳಿಯುತ್ತದೆ. ಆದರೆ ಮಂಡಿಯೊಳಗೆ ಚುಚ್ಚಿದಂತಾದರೆ ಅಲ್ಲಿಗೇ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ಇನ್ನೊಂದು, ಉಸಿರು ಬಿಗಿಹಿಡಿಯಬೇಡಿ. ಬಿಪಿ ಒಮ್ಮೆಲೇ ಏರುತ್ತದೆ. ಕೂರುವಾಗ ಎಳೆದುಕೊಳ್ಳಿ, ಏಳುವಾಗ ಬಿಡಿ. ಈಗಾಗಲೇ ಬಿಪಿ ಇರುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.