ಹಂದಿಯ ಕೂದಲು ಬಿಡಿಸುವ ನೀರಿನ ಹದ

ನಾತಾಳ, ಅಂದರೆ ಕ್ರಿಸ್‌ಮಸ್, ಹತ್ತಿರ ಬಂತೆಂದರೆ ಮನೆಯ ಹುಡುಗರು, ಅಕ್ಕಪಕ್ಕದವರು ನನ್ನನ್ನು ಕೇಳುವುದು ಒಂದೇ ಮಾತು: "ಮಾವುಶಿ, ಹಂದಿಗೆ ನೀರು ಎಷ್ಟು ಹೊತ್ತು ಕುದಿಸಬೇಕು?" ಕುದಿಯುವ ನೀರನ್ನು ಹಂದಿಯ ಮೈಗೆ ಸುರಿಯಲೇಬಾರದು ಎಂದು ಮೊದಲು ಹೇಳುತ್ತೇನೆ. ಅರ್ಧ ಜನ ನಂಬುವುದಿಲ್ಲ. ಬಿಸಿ ಹೆಚ್ಚಾದಷ್ಟೂ ಕೂದಲು ಬೇಗ ಬರುತ್ತದೆ ಅಂತಲೇ ಎಲ್ಲರ ಎಣಿಕೆ.

ನನ್ನ ಎಣಿಕೆಯೂ ಹಾಗೇ ಇತ್ತು. ಕಾರವಾರದ ಹತ್ತಿರದ ಸದಾಶಿವಗಡದ ಕಡೆಯ ಈ ಮನೆಗೆ ಸೊಸೆಯಾಗಿ ಬಂದ ಎರಡನೇ ವರ್ಷ ಮೈದುನನ ಮದುವೆ. ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚಿ ಮೀಯಿಸುವ ರೋಸಿನ ದಿನ ಬೆಳಗಿನ ಜಾವ ಅತ್ತೆಗೆ ಜ್ವರ ಬಂದು ಹಂಡೆಯ ಉಸ್ತುವಾರಿ ನನ್ನ ಮೇಲೆ ಬಿತ್ತು. ಕೊತಕೊತ ಕುದಿಯುತ್ತಿದ್ದ ನೀರನ್ನೇ ಮೊಗೆಮೊಗೆದು ಕೊಟ್ಟೆ. ಗಂಡಸರು ಕೆರೆಯಲು ಕೂತರು. ಒಂದು ಕೂದಲೂ ಅಲ್ಲಾಡಲಿಲ್ಲ. ತೊಗಲು ಮಾತ್ರ ಚೂರುಚೂರಾಗಿ ಕಿತ್ತು ಬಂತು. ಕೊನೆಗೆ ಕ್ಷೌರದ ಬ್ಲೇಡು ಹಿಡಿದು ಬಿಸಿಲೇರುವವರೆಗೆ ಬೋಳಿಸಿದರು. ಬುಡಗಳೆಲ್ಲ ಒಳಗೇ ಉಳಿದು, ಊಟದಲ್ಲಿ ನಾಲಿಗೆಗೆ ಚುಚ್ಚುತ್ತಿದ್ದವು. ಅತ್ತೆ ಬೈಯಲಿಲ್ಲ. ಮುಂದಿನ ಸಲ ನನ್ನ ಕೈ ಹಿಡಿದು ನೀರಿನಲ್ಲಿ ಅದ್ದಿಸಿ ಹದ ಕಲಿಸಿದರು.

ಹದ ಅಂದರೆ 62ರಿಂದ 65 ಡಿಗ್ರಿ ಸೆಲ್ಸಿಯಸ್. ಈ ಬಿಸಿಯಲ್ಲಿ ಕೂದಲಿನ ಬುಡ ಸಡಿಲವಾಗಿ ಕೈಗೆ ಬರುತ್ತದೆ. 70 ದಾಟಿತೋ, ಬಿಸಿ ತಾಗಿದ ಮೊಟ್ಟೆಯ ಬಿಳಿ ಗಟ್ಟಿಯಾಗುವ ಹಾಗೆ ತೊಗಲು ಬೆಂದು ಬಿಗಿದು ಕೂದಲನ್ನು ಕಚ್ಚಿಕೊಳ್ಳುತ್ತದೆ. ಒಮ್ಮೆ ಕಚ್ಚಿಕೊಂಡರೆ ಮತ್ತೆ ಎಷ್ಟು ನೀರು ಹೊಯ್ದರೂ ಬಿಡುವುದಿಲ್ಲ. ನೀರು ತಣ್ಣಗಾಗಿದ್ದರೆ ಇನ್ನಷ್ಟು ಬಿಸಿನೀರು ಸೇರಿಸಿ ಸರಿಮಾಡಬಹುದು. ಸುಟ್ಟ ತೊಗಲಿಗೆ ಮದ್ದಿಲ್ಲ. ಅದಕ್ಕೇ ಅನುಮಾನ ಬಂದಾಗ ಕಡಿಮೆ ಬಿಸಿಯ ಕಡೆಗೇ ಇರಿ ಎನ್ನುತ್ತೇನೆ.

ಈಗ ಅಡುಗೆಗೆ ಬಳಸುವ ಥರ್ಮಾಮೀಟರ್ ಸಿಗುತ್ತದೆ, ಒಂದು ತಂದಿಟ್ಟುಕೊಳ್ಳಿ. ಜ್ವರ ನೋಡುವುದು ನಡೆಯುವುದಿಲ್ಲ, ಅದರ ಅಳತೆ 42ಕ್ಕೇ ಮುಗಿಯುತ್ತದೆ. ಅತ್ತೆಯ ಅಳತೆ ಬೆರಳಿನದು. ತೋರುಬೆರಳನ್ನು ನೀರಿನ ಮೇಲ್ಮೈಯಲ್ಲಿ ಸರಕ್ಕನೆ ಅದ್ದಿ ತೆಗೆಯಬೇಕು. ಒಮ್ಮೆ ತಡೆಯುತ್ತದೆ, ಎರಡನೇ ಸಲ ಚುರುಕ್ ಅನ್ನುತ್ತದೆ, ಮೂರನೇ ಸಲ ಅದ್ದಲು ಮನಸ್ಸೇ ಬರುವುದಿಲ್ಲ. ಅದು ಸರಿಯಾದ ಹದ. ಮೊದಲ ಸಲವೇ ಕೈ ಹಿಂದೆ ಬಂದರೆ ಬಾವಿಯ ನೀರು ಬೆರೆಸಿ. ಬೆರಳನ್ನು ಒಳಗೇ ಇಟ್ಟುಕೊಂಡು ಧೈರ್ಯ ತೋರಿಸಬೇಡಿ, ಬೊಕ್ಕೆ ಏಳುತ್ತದೆ.

ನಮ್ಮಲ್ಲಿ ಇಡೀ ಹಂದಿ ಮುಳುಗುವಷ್ಟು ದೊಡ್ಡ ಬಾನಿ ಯಾರ ಮನೆಯಲ್ಲೂ ಇಲ್ಲ. ಅಡಿಕೆ ಹಾಳೆಯನ್ನೋ ಹಲಗೆಯನ್ನೋ ಹಾಸಿ, ಹಂದಿಯನ್ನು ಮಲಗಿಸಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ ನೀರು ಹೊಯ್ಯುವುದು ರೂಢಿ. ಗೋಣಿ ಬೇಕೇಬೇಕು. ಅದಿಲ್ಲದಿದ್ದರೆ ನೀರು ಜಾರಿ ನೆಲಕ್ಕೆ ಹೋಗುತ್ತದೆ. ಇದ್ದರೆ ಬಿಸಿಯನ್ನು ಹಿಡಿದು ತೊಗಲಿಗೆ ನಿಧಾನ ಇಳಿಸುತ್ತದೆ. ಚೊಂಬಿನಲ್ಲಿ, ಗೋಣಿಯಲ್ಲಿ, ತಣ್ಣಗಿನ ಮೈಯಲ್ಲಿ ಬಿಸಿ ಇಳಿಯುವುದರಿಂದ ಹೀಗೆ ಹೊಯ್ಯುವ ನೀರು ಮುಳುಗಿಸುವ ನೀರಿಗಿಂತ ತುಸು ಬಿಸಿ ಇರಬೇಕು. ಎರಡು ಪಾಲು ಕುದಿದ ನೀರಿಗೆ ಒಂದು ಪಾಲು ಬಾವಿ ನೀರು ಬೆರೆಸಿದರೆ ಸರಿಹೋಗುತ್ತದೆ. ಸುಮಾರು 50 ಕಿಲೋದ ಹಂದಿಗೆ ಬಚ್ಚಲಿನ ಹಂಡೆ ಎರಡು ತುಂಬ ನೀರು ಇಟ್ಟುಕೊಳ್ಳಿ. ಗಾಳಿಮರದ ಸೌದೆಗೆ ಉರಿ ಒಂದೇ ಸಮ ನಿಲ್ಲುತ್ತದೆ. ತೆಂಗಿನ ಸಿಪ್ಪೆ ಬರೀ ಹೊಗೆ. ನೀರಿಗೆ ಎರಡು ಹಿಡಿ ಸೌದೆಯ ಬೂದಿ ಹಾಕುವುದು ಅತ್ತೆಯ ಪದ್ಧತಿ, ನಾನೂ ಬಿಟ್ಟಿಲ್ಲ. ಮೈಯ ಜಿಡ್ಡು, ಕೊಳೆ ಬೇಗ ಬಿಡುತ್ತದೆ.

ನೀರಿಗೆ ಮೊದಲಿನ ಕೆಲಸ ಗಂಡಸರದ್ದು, ಆದರೂ ಎರಡು ಮಾತು ಹೇಳಲೇಬೇಕು. ಹಿಂದಿನ ದಿನ ಸಂಜೆಯಿಂದ ಮೇವು ಕೊಡಬೇಡಿ, ನೀರು ಮಾತ್ರ ಧಾರಾಳ ಇಡಿ. ಹೊಟ್ಟೆ ಖಾಲಿ ಇದ್ದರೆ ಮುಂದೆ ಕರುಳು ಒಡೆದು ಮಾಂಸ ಕೆಡುವ ಭಯ ಕಡಿಮೆ. ಅಟ್ಟಾಡಿಸಬೇಡಿ, ಕೂಗಾಡಬೇಡಿ. ಪಳಗಿದ ಕೈಯವರು ಮೊದಲು ತಲೆಗೆ ಹೊಡೆದು ಎಚ್ಚರ ತಪ್ಪಿಸಿ, ಆಮೇಲೇ ಕತ್ತಿ ಹಾಕಬೇಕು. ರಕ್ತ ಪೂರ್ತಿ ಹೋಗಬೇಕು. ನೀರು ಹೊಯ್ಯುವ ಮುನ್ನ ನಾನೇ ಹೋಗಿ ಕಣ್ಣಿನ ಗುಡ್ಡೆಗೆ ಹುಲ್ಲುಕಡ್ಡಿ ಮುಟ್ಟಿಸಿ ನೋಡುತ್ತೇನೆ. ರೆಪ್ಪೆ ಅಲುಗಿದರೆ, ಉಸಿರು ಇದ್ದರೆ, ಹಂಡೆಯ ಹತ್ತಿರ ಯಾರನ್ನೂ ಬಿಡುವುದಿಲ್ಲ. ವರ್ಷವಿಡೀ ನಮ್ಮ ಕೈಯ ಗಂಜಿ ತಿಂದ ಪ್ರಾಣಿ ಅದು. ಜೀವ ಹೋಗುವುದಕ್ಕೆ ಮೊದಲು ಬಿಸಿನೀರು ಬಿದ್ದರೆ ಆ ಪಾಪ ಮನೆಗೇ. ಹಾಗಂತ ಜೀವ ಹೋದ ಮೇಲೆ ತಡವೂ ಮಾಡಬಾರದು. ಮೈ ತಣ್ಣಗಾಗಿ ಸೆಟೆದರೆ ಕೂದಲೂ ಬಿಗಿಯುತ್ತದೆ. ಅರ್ಧ ಗಂಟೆಯೊಳಗೆ ನೀರು ಬೀಳಬೇಕು. ಆದ್ದರಿಂದ ಕತ್ತಿ ಹಿಡಿಯುವವರು ಬರುವ ಮೊದಲೇ ಒಲೆ ಹೊತ್ತಿರಬೇಕು.

ತಲೆ, ಕಾಲು, ಬಾಲ ಇವು ಮೊದಲು. ಬೇಗ ತಣಿಯುವುದೂ ಅವೇ, ಕಷ್ಟ ಕೊಡುವುದೂ ಅವೇ. ಹೊಯ್ಯುತ್ತ ಮೂರು ನಾಲ್ಕು ನಿಮಿಷವಾದ ಮೇಲೆ ಗೋಣಿ ಎತ್ತಿ, ಕಿವಿಯ ಹಿಂದಿನ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಿರಿ. ಜಗ್ಗದೆ ಸಲೀಸಾಗಿ, ಬುಡದ ಬಿಳಿ ಗಂಟಿನ ಸಮೇತ ಬಂದರೆ ಆ ಭಾಗ ಆಯಿತು. ಇನ್ನು ಒಂದು ಚೊಂಬೂ ಹೊಯ್ಯಬೇಡಿ. ಬಾರದಿದ್ದರೆ ಇನ್ನೊಂದು ನಿಮಿಷ. ಗೊರಸಿನ ಚಿಪ್ಪನ್ನು ಬಿಸಿ ಇರುವಾಗಲೇ ಕೊಕ್ಕೆ ಹಾಕಿ ತಿರುಗಿಸಿ ಎಳೆಯಿರಿ, ಪಟಕ್ಕನೆ ಬರುತ್ತದೆ. ತಣಿದ ಮೇಲೆ ಆದರೆ ಅದೇ ಅರ್ಧ ತಾಸಿನ ಕೆಲಸ.

ಕೆರೆಯಲು ಹರಿತ ಕತ್ತಿ ಬೇಡ. ಹರಿತ ಇದ್ದರೆ ಕೂದಲು ತುಂಡಾಗುತ್ತದೆ, ಬುಡ ಒಳಗೇ ಉಳಿಯುತ್ತದೆ. ಮೊಂಡು ಕತ್ತಿ ಆಗಬಹುದು. ನನಗೆ ಮಾತ್ರ ಅಂಚು ಸಮ ಮಾಡಿದ ತೆಂಗಿನ ಗೆರಟೆಯೇ ಇಷ್ಟ. ಮೈಯ ಉಬ್ಬುತಗ್ಗಿಗೆ ಸರಿಯಾಗಿ ಕೂರುತ್ತದೆ, ತೊಗಲು ಗೀರುವುದಿಲ್ಲ. ಕೂದಲು ಮಲಗಿದ ದಿಕ್ಕಿಗೇ, ಮೈಮೇಲೆ ಒಂದು ಕೈ ಊರಿ ತೊಗಲು ಬಿಗಿಹಿಡಿದು ಎಳೆಯಬೇಕು. ನಮ್ಮ ಊರಿನ ಕರಿ ಹಂದಿಯಾದರೆ ಕೂದಲಿನ ಜೊತೆ ತೆಳ್ಳಗಿನ ಕಪ್ಪು ಪೊರೆಯೂ ಸುರುಳಿ ಸುತ್ತಿಕೊಂಡು ಬರುತ್ತದೆ, ಕೆಳಗಿನ ತೊಗಲು ಬೆಳ್ಳಗೆ ಕಾಣುತ್ತದೆ. ಗೆರಟೆಯಿಂದ ಬರುವ ಗರಗರ ಸದ್ದು ಹೋಗಿ ಸುಯ್ಯೆಂದು ನುಣುಪಾಗಿ ಜಾರಲು ಶುರುವಾದರೆ ಆ ಜಾಗ ಮುಗಿಯಿತು. ಬೆನ್ನಿನ ಗಡುಸು ಕೂದಲಿಗೆ ಮಾತ್ರ ಎರಡು ಸರ್ತಿ ನೀರು ಬೇಕು. ಫಾರ್ಮಿನ ಬಿಳಿ ಯಾರ್ಕ್‌ಶೈರ್ ಆದರೆ ಕೂದಲು ನವಿರು, ಅರ್ಧ ಹೊತ್ತಿನ ಕೆಲಸ.

ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಗಲ್ಲದ ಮಡಿಕೆಯಲ್ಲಿ ಉಳಿದ ನಯ ಕೂದಲನ್ನು ಒಣ ತೆಂಗಿನ ಗರಿಯ ಸೂಡಿ ಹೊತ್ತಿಸಿ ಸವರಿ ಸುಡಿ. ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಬೇಕು. ಬೇಗ ಉರಿಯುತ್ತದೆಂದು ಕೆಲವರು ಹಳೇ ಟೈರು, ಪ್ಲಾಸ್ಟಿಕ್ ಹಾಕುವುದನ್ನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಮಾಡಬೇಡಿ. ಆ ಕರಿಹೊಗೆಯ ವಿಷ ತೊಗಲಿನ ಕೊಬ್ಬಿಗೇ ಅಂಟುತ್ತದೆ, ತೊಳೆದರೆ ಹೋಗುವುದಿಲ್ಲ, ಅದನ್ನೇ ಮಕ್ಕಳಿಗೆ ಬಡಿಸುತ್ತೀರಿ. ಸುಟ್ಟ ಮೇಲೆ ಮಸಿಯನ್ನು ಕತ್ತಿಯಲ್ಲಿ ಹೆರೆದು, ತಣ್ಣೀರಿನಿಂದ ಪೂರ್ತಿ ತೊಳೆದು, ಆಮೇಲೇ ಹೊಟ್ಟೆಗೆ ಕತ್ತಿ ಹಾಕಿ. ಕೂದಲು ಮೆತ್ತಿದ ಕತ್ತಿಯಲ್ಲೇ ಹೊಟ್ಟೆ ಸೀಳಬಾರದು.

ಹೊಟ್ಟೆ ಬಿಚ್ಚಿದಾಗ ನಾಲಿಗೆ, ಹೃದಯ, ತೊಡೆಯ ಮಾಂಸವನ್ನು ಬೆಳಕಿಗೆ ಹಿಡಿದು ನೋಡಿ. ಅಕ್ಕಿಕಾಳಿನಂಥ ಬಿಳಿ ಗುಳ್ಳೆ ಕಂಡರೆ ಅದು ಲಾಡಿಹುಳುವಿನ ಮರಿ. ಆ ಹಂದಿಯನ್ನು ತಿನ್ನಬೇಡಿ, ಎಷ್ಟು ದುಡ್ಡು ಕೊಟ್ಟಿದ್ದರೂ ಸರಿ. ಬಯಲಿನಲ್ಲಿ ಕಂಡದ್ದನ್ನು ತಿಂದು ತಿರುಗುವ ಹಂದಿಗೆ ಇದು ಬರುವುದು. ಗೂಡಿನಲ್ಲಿ ಕಟ್ಟಿ ಗಂಜಿ, ತೌಡು ಹಾಕಿ ಸಾಕಿ. ಅಡುಗೆಮನೆಯ ಹಸಿ ಹಂದಿಮಾಂಸದ ಚೂರನ್ನು ಇನ್ನೊಂದು ಹಂದಿಗೆ ಹಾಕಲೇಬೇಡಿ. 2020ರಲ್ಲಿ ಅಸ್ಸಾಂ ಕಡೆ ಕಾಣಿಸಿಕೊಂಡ ಆಫ್ರಿಕನ್ ಹಂದಿಜ್ವರ ಹಬ್ಬುವ ಒಂದು ದಾರಿ ಅದು. ಮನುಷ್ಯರಿಗೆ ತಾಗುವುದಿಲ್ಲ, ಗೂಡನ್ನು ಮಾತ್ರ ಖಾಲಿ ಮಾಡಿಬಿಡುತ್ತದೆ. ಕೂದಲು, ಗೊರಸು, ಬೇಡದ ಕರುಳನ್ನು ನಾಯಿ ಕೆದಕದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ. ಗುಂಡಿ ಬಾವಿಯಿಂದ ದೂರ ಇರಲಿ, ಕಾಳಿ ನದಿಗೆ ಎಸೆಯುವುದಂತೂ ಬೇಡವೇ ಬೇಡ.

ಕಾರವಾರ ಪೇಟೆಯೊಳಗೆ ಇರುವವರು ಇದನ್ನೆಲ್ಲ ಮನೆಯಲ್ಲಿ ಮಾಡಲು ಬರುವುದಿಲ್ಲ. 2001ರ ನಿಯಮದ ಪ್ರಕಾರ ನಗರಸಭೆಯ ಹದ್ದಿನಲ್ಲಿ ಪರವಾನಗಿ ಇರುವ ಕಸಾಯಿಖಾನೆಯಲ್ಲಷ್ಟೇ ಕಡಿಯಬೇಕು. ಹಳ್ಳಿಯವರೂ ಪಂಚಾಯಿತಿಯಲ್ಲಿ ಒಂದು ಮಾತು ಕೇಳಿಕೊಂಡು ಮಾಡಿ.

ಹೊತ್ತಿನ ವಿಷಯ: ನಾವು ಒಲೆ ಹಚ್ಚುವುದು ಬೆಳಗಿನ ನಾಲ್ಕಕ್ಕೆ. ಡಿಸೆಂಬರಿನಲ್ಲೂ ಕರಾವಳಿಯಲ್ಲಿ ಹತ್ತು ಗಂಟೆಯಾದರೆ ಬಿಸಿಲು, ನೊಣ. ಅಷ್ಟರೊಳಗೆ ಮಾಂಸ ತುಂಡಾಗಿ ಉಪ್ಪು ಕಂಡಿರಬೇಕು, ಹಂದಿಮಾಂಸದ ಹುಳಿಖಾರದ ಅಡುಗೆಯಾದ ಸೊರ್ಪೊತೆಲಿಗೆ ಬೇಕಾದ ಪಾಲು ಬೇಯಲು ಕೂತು, ಉಳಿದದ್ದು ಫ್ರಿಜ್ಜಿಗೆ ಹೋಗಿರಬೇಕು. ಮಕ್ಕಳನ್ನು ಅಲ್ಲಿಯವರೆಗೆ ಒಳಗೇ ಇಡಿ. ಹಂಡೆಯಿಂದ ನೀರು ಹೊತ್ತು ಓಡಾಡುವ ದಾರಿಗೆ ಯಾರೂ ಅಡ್ಡ ಬರಬಾರದು. ಎರಡನೇ ಹಂಡೆಯಲ್ಲಿ ನೀರು ಉಳಿದರೆ ಚೆಲ್ಲಬೇಡಿ. ಕೊನೆಗೆ ಹಲಗೆ, ಗೆರಟೆ, ಕತ್ತಿ, ಗೋಣಿ ತೊಳೆಯಲು ಅದೇ ಬೇಕು.