ಗೋವಾಕ್ಕೆ ಇಳಿಯಲು ಅಂಬೋಲಿ, ಹತ್ತಿ ಬರಲು ಚೋರ್ಲಾ

ಬೆಳಗಾವಿಯಿಂದ ಪಣಜಿಗೆ ದಾರಿ ಕೇಳಿದರೆ ಮೊಬೈಲ್ ಮ್ಯಾಪ್ ಸಾಮಾನ್ಯವಾಗಿ ಚೋರ್ಲಾ ಘಾಟನ್ನೇ ತೋರಿಸುತ್ತದೆ. ಪೀರನವಾಡಿ, ಜಾಂಬೋಟಿ, ಕಣಕುಂಬಿ, ಚೋರ್ಲಾ, ಸಾಂಖಳಿ, ಡಿಚೋಲಿ. ಸುಮಾರು 110 ಕಿ.ಮೀ., ರಸ್ತೆ ಒಣಗಿದ್ದರೆ ಮೂರು ತಾಸು. ಹಿಂಡಲಗಾ, ಬಾಚಿ, ಶಿನೋಳಿ ದಾಟಿ ಮಹಾರಾಷ್ಟ್ರದೊಳಗೆ ಹೋಗಿ ಅಂಬೋಲಿ, ಸಾವಂತವಾಡಿ, ಬಾಂದಾ, ಪತ್ರಾದೇವಿ ಹಿಡಿದರೆ 150 ಕಿ.ಮೀ. ಆಸುಪಾಸು, ಒಂದು ತಾಸು ಹೆಚ್ಚು. ಅನಮೋಡ ಘಾಟಿನ ಹೆದ್ದಾರಿ ಮೂರನೆಯದು. ಫೋಂಡಾ, ಮಡಗಾಂವ್ ಕಡೆ ಕೆಲಸವಿದ್ದವರಿಗೆ ಅದೇ ಸರಿ, ಆದರೆ 2025ರ ಜುಲೈನಲ್ಲಿ ಅದರ ಗೋವಾ ಭಾಗದಲ್ಲಿ ರಸ್ತೆ ಕುಸಿದಿತ್ತು. ಮಳೆಗಾಲದಲ್ಲಿ ಅದು ತೆರೆದಿದೆಯೇ ಎಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು.

ನವೆಂಬರಿನಿಂದ ಮೇವರೆಗೆ, ಹಗಲು ಹೊತ್ತಿನಲ್ಲಿ ನಾನು ಹೋಗುವುದೂ ಬರುವುದೂ ಚೋರ್ಲಾದಿಂದಲೇ. ಜೂನ್ ಬಂತೆಂದರೆ ಲೆಕ್ಕ ಬದಲು: ಅಂಬೋಲಿಯಿಂದ ಇಳಿಯುತ್ತೇನೆ, ಚೋರ್ಲಾದಿಂದ ಹತ್ತುತ್ತೇನೆ. ಅಂಬೋಲಿಯ ಅಂದ ಇದಕ್ಕೆ ಮುಖ್ಯ ಕಾರಣವಲ್ಲ, ಬ್ರೇಕ್ ಕಾರಣ. ಗಾಡಿಗೆ ಕಷ್ಟ ಹತ್ತುವಾಗ, ಅಪಾಯ ಇಳಿಯುವಾಗ. ಅಂಬೋಲಿಯ ರಸ್ತೆ ಅಗಲ, ತಿರುವುಗಳಲ್ಲಿ ಎದುರಿನ ಗಾಡಿ ಸಾಕಷ್ಟು ದೂರದಿಂದಲೇ ಕಾಣುತ್ತದೆ. ಚೋರ್ಲಾದ ಗೋವಾ ಇಳಿಜಾರು ಕಿರಿದು, ತಿರುವು ಬಿಗಿ. ಒದ್ದೆ ರಸ್ತೆಯಲ್ಲಿ ಅಂಥ ಕಡೆ ಹತ್ತುವವನಾಗಿರುವುದೇ ಲೇಸು. ಘಟ್ಟದಲ್ಲಿ ಇಳಿಯುವ ಗಾಡಿ ಹತ್ತುವ ಗಾಡಿಗೆ ದಾರಿ ಬಿಡಬೇಕೆಂಬುದು ನಿಯಮ ಕೂಡ.

ಇಳಿಯುವಾಗ ಏನು ಕೆಡುತ್ತದೆ ಅನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಕಾಲನ್ನು ಬ್ರೇಕ್ ಮೇಲೇ ಹಗುರಾಗಿ ಇಟ್ಟುಕೊಂಡು ಇಳಿದರೆ ಡಿಸ್ಕ್ ಮತ್ತು ಪ್ಯಾಡ್ ತಣ್ಣಗಾಗಲು ಸಮಯವೇ ಸಿಗುವುದಿಲ್ಲ. ಕಾವು ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಮೂಲಕ ಬ್ರೇಕ್ ಆಯಿಲಿಗೆ ಏರುತ್ತದೆ. ಡಾಟ್ 3, ಡಾಟ್ 4 ಎಂಬುವು ಬ್ರೇಕ್ ಆಯಿಲಿನ ದರ್ಜೆಗಳು. ಹೊಸ ಡಾಟ್ 3 ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ಆದರೆ ಈ ಆಯಿಲ್ ಗಾಳಿಯ ತೇವ ಹೀರುತ್ತದೆ, ತೇವ ಹೀರಿದ ಆಯಿಲಿನ ಮಿತಿ 140ಕ್ಕೆ ಇಳಿದಿರುತ್ತದೆ. ಡಾಟ್ 4 ಆದರೆ 230 ಮತ್ತು 155. ಕುದ್ದಾಗ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತವೆ. ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆಯೇ ಹೊರತು ಒತ್ತಡ ಚಕ್ರದವರೆಗೆ ಹೋಗುವುದಿಲ್ಲ, ಪೆಡಲ್ ಮೆತ್ತಗಾಗಿ ಕೆಳಗೆ ಹೋಗಿಬಿಡುತ್ತದೆ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ. ಬಾಟಲಿಯಲ್ಲಿ ಮಟ್ಟ ಸರಿಯಿದೆ ಎಂದರೆ ಆಯಿಲ್ ಚೆನ್ನಾಗಿದೆ ಎಂದಲ್ಲ.

ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಬನ್ನಿ, ವೇಗ ಏರಿದ ಮೇಲೆ ಗೇರ್ ಇಳಿಸಲು ಒದ್ದಾಡಬೇಡಿ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ. ಆಟೋಮ್ಯಾಟಿಕ್ ಗಾಡಿಯಾದರೆ ಡಿ ಬಿಟ್ಟು ಎಲ್ ಅಥವಾ ಮ್ಯಾನುವಲ್ 2. ಬ್ರೇಕನ್ನು ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ವೇಗ ತಗ್ಗಿದೊಡನೆ ಪೂರ್ತಿ ಬಿಟ್ಟುಬಿಡಿ. ಪೆಟ್ರೋಲ್ ಉಳಿಸುವ ಆಸೆಗೆ ನ್ಯೂಟ್ರಲ್ ಮಾಡಿ ಇಳಿಯುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ಎಂಜಿನ್ ಬಂದ್ ಮಾಡಿದರಂತೂ ಬ್ರೇಕ್ ಬೂಸ್ಟರ್ (ಪೆಡಲ್ ಒತ್ತಲು ನೆರವಾಗುವ ಭಾಗ), ಪವರ್ ಸ್ಟೀರಿಂಗ್ ಎರಡೂ ಕೈಕೊಡುತ್ತವೆ.

ಸುಟ್ಟ ವಾಸನೆ ಬಂದರೆ ಅಗಲವಾದ ಸಮತಟ್ಟು ಜಾಗ ನೋಡಿ ನಿಲ್ಲಿಸಿ. ಬಿಸಿ ಬ್ರೇಕಿಗೆ ಹ್ಯಾಂಡ್‌ಬ್ರೇಕ್ ಎಳೆದು ಬಿಡುವ ಬದಲು ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಅರ್ಧ ತಾಸು ಹಾಗೇ ಬಿಡಿ. ಡಿಸ್ಕಿಗೆ ನೀರು ಎರಚಬೇಡಿ, ಬಿಸಿ ಕಬ್ಬಿಣ ಒಮ್ಮೆಲೇ ತಣಿದರೆ ಬಾಗುತ್ತದೆ, ಸೀಳಲೂಬಹುದು.

ಅಂಬೋಲಿಗೆ ಶತ್ರು ಎಂದರೆ ವಾರಾಂತ್ಯ. ದೊಡ್ಡ ಜಲಪಾತ ಘಾಟ್ ರಸ್ತೆಯ ಪಕ್ಕದಲ್ಲೇ ಬೀಳುತ್ತದೆ. ಜುಲೈ-ಆಗಸ್ಟಿನ ಶನಿವಾರ, ರವಿವಾರ ಎರಡೂ ಬದಿಗೆ ಗಾಡಿ ನಿಂತು ದಾರಿ ಕಟ್ಟಿಬಿಡುತ್ತದೆ. ಬೆಳಗಾವಿ ಬೆಳಿಗ್ಗೆ 6ಕ್ಕೆ ಬಿಟ್ಟರೆ 9ರೊಳಗೆ ಜಲಪಾತ ದಾಟಬಹುದು. ಅದಾಗದಿದ್ದರೆ ರವಿವಾರ ಈ ದಾರಿ ಬಿಟ್ಟುಬಿಡಿ. ಬೇಗ ಮುಟ್ಟಿದರೆ ಊರಿನ ಹತ್ತಿರದ ಹಿರಣ್ಯಕೇಶಿ ಉಗಮ ನೋಡಿ ಹೋಗಿ. ನಮ್ಮ ಸಂಕೇಶ್ವರದಲ್ಲಿ ಹರಿಯುವ ನದಿ ಅಲ್ಲಿ ಗುಹೆಯಿಂದ ಹೊರಬರುತ್ತದೆ. ಅದನ್ನು ನೋಡದೆ ಅಂಬೋಲಿ ನೋಡಿದೆ ಅನ್ನಬಾರದು.

ವಿಜಯಪುರ, ಜಮಖಂಡಿ, ಗೋಕಾಕ ಕಡೆಯವರು ಬೆಳಗಾವಿಗೆ ಬರಲೇಬೇಕೆಂದಿಲ್ಲ. ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ ಮೇಲೆ ನೇರ ಅಂಬೋಲಿ ಸೇರಬಹುದು. 2023ರ ಜನವರಿಯಲ್ಲಿ ವಿಮಾನ ಹಾರಾಟ ಶುರುವಾದ ಮೋಪಾ ನಿಲ್ದಾಣಕ್ಕೆ ಹೋಗುವವರಿಗೂ ಅಂಬೋಲಿಯೇ ಅನುಕೂಲ. ಬಾಂದಾ ದಾಟಿದರೆ ನಿಲ್ದಾಣ ಹತ್ತಿರವೇ. ಹಳದಿ ಬೋರ್ಡಿನ ಗಾಡಿಯವರು ಒಂದು ವಿಷಯ ನೆನಪಿಡಬೇಕು: ಅಂಬೋಲಿ ದಾರಿಯಲ್ಲಿ ಎರಡು ರಾಜ್ಯದ ಗಡಿ ಬರುತ್ತದೆ. ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇಲ್ಲದಿದ್ದರೆ ಮಹಾರಾಷ್ಟ್ರ, ಗೋವಾ ಎರಡಕ್ಕೂ ಬೇರೆ ಬೇರೆ ಪರ್ಮಿಟ್, ತೆರಿಗೆ. ಬಾಡಿಗೆ ಹೇಳುವ ಮೊದಲೇ ಇದನ್ನು ಸೇರಿಸಿಕೊಳ್ಳಿ.

ಇನ್ನು ಚೋರ್ಲಾ ಹತ್ತುವುದು. ಗೋವಾದಲ್ಲಿ ಪೆಟ್ರೋಲ್ ನಮಗಿಂತ ಅಗ್ಗ, ಸಾಂಖಳಿ ಬಿಡುವ ಮೊದಲು ಟ್ಯಾಂಕ್ ತುಂಬಿಸಿ. ಮಧ್ಯಾಹ್ನ 3ರೊಳಗೆ ಅಲ್ಲಿಂದ ಹೊರಟರೆ ಬೆಳಕಿರುವಾಗಲೇ ಕಣಕುಂಬಿ ದಾಟುತ್ತೀರಿ. ತಡವಾಯಿತೋ, ಮೇಲೆ ಮಂಜು, ಮಂಜಿನಲ್ಲಿ ಕಾಡುಕೋಣ. ಮುಂದೆ ಲಾರಿ ತೆವಳುತ್ತಿದ್ದರೆ ಅದರ ಬೆನ್ನಿಗೆ ಅಂಟಿಕೊಂಡು ಅರ್ಧ ಕ್ಲಚ್ಚಿನಲ್ಲಿ ಹೋಗಬೇಡಿ, ಕ್ಲಚ್ ಪ್ಲೇಟ್ ಹಾಳಾಗುವುದು ಹಾಗೆಯೇ. ದೂರ ಬಿಟ್ಟು, ಲಾರಿ ತಿರುವು ದಾಟಿದ ಮೇಲೆ ಮೊದಲನೇ ಗೇರಿನಲ್ಲಿ ಒಂದೇ ಉಸಿರಿಗೆ ಹತ್ತಿಸಿ. ಟೆಂಪರೇಚರ್ ಮುಳ್ಳು ಏರತೊಡಗಿದರೆ ಎಸಿ ಬಂದ್ ಮಾಡಿ. ನಿಲ್ಲಿಸಿದರೂ ರೇಡಿಯೇಟರ್ ಮುಚ್ಚಳ ಬಿಸಿಯಲ್ಲಿ ತೆಗೆಯಲೇಬೇಡಿ.

ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ನಮ್ಮ ಕಣ್ಣಿಗೇ ವಾಪಸ್ ಹೊಡೆಯುತ್ತದೆ. ಲೋಬೀಮ್, ಫಾಗ್‌ಲೈಟ್ ಇದ್ದರೆ ಅದೂ, ಎಡಗಡೆಯ ಬಿಳಿ ಗೆರೆ ಹಿಡಿದು ನಿಧಾನ. ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತ ಓಡಿಸಬೇಡಿ, ನೀವು ಯಾವ ಕಡೆ ತಿರುಗುತ್ತೀರಿ ಎಂಬುದು ಹಿಂದಿನವನಿಗೆ ತಿಳಿಯುವುದಿಲ್ಲ. ಗಾಜಿನ ಒಳಬದಿ ಮಬ್ಬಾದರೆ ಹೊರಗಿನ ಗಾಳಿಯೊಂದಿಗೆ ಎಸಿ ಗಾಜಿಗೆ ತಿರುಗಿಸಿ. ವೈಪರ್ ಆಡಿಸಿದಾಗ ಹೋಗುವ ಮಬ್ಬು ಹೊರಗಿನದು, ಆಗ ಗಾಳಿ ಸ್ವಲ್ಪ ಬೆಚ್ಚಗೆ ಮಾಡಬೇಕು.

ಚೋರ್ಲಾದಿಂದ ಜಾಂಬೋಟಿವರೆಗಿನ ರಸ್ತೆ ಮಳೆಗೆ ಬೇಗ ಕಿತ್ತುಹೋಗುತ್ತದೆ. ನಿಂತ ನೀರಿನ ಕೆಳಗಿನ ಗುಂಡಿಯ ಆಳ ಕಾಣುವುದಿಲ್ಲ, ಮುಂದಿನ ಗಾಡಿ ಹೋದ ಜಾಡಿನಲ್ಲೇ ಹೋಗಿ. ಟೈರಿನ ಹಲ್ಲು ಕಾನೂನಿನ ಲೆಕ್ಕಕ್ಕೆ 1.6 ಮಿ.ಮೀ. ಸಾಕು, ಈ ಮಳೆಗೆ ನಾನು 3 ಮಿ.ಮೀ.ಗಿಂತ ಕಡಿಮೆ ಇಟ್ಟುಕೊಳ್ಳುವುದಿಲ್ಲ. ಸ್ಟೆಪ್ನಿಯ ಗಾಳಿಯನ್ನೂ ಬೆಳಗಾವಿಯಲ್ಲೇ ನೋಡಿರಬೇಕು. ಕಾಡಿನಲ್ಲಿ ಮೊಬೈಲ್ ಸಿಗ್ನಲ್ ಹೋಗಿಬಿಡುತ್ತದೆ, ಮ್ಯಾಪ್ ಮೊದಲೇ ಇಳಿಸಿಟ್ಟುಕೊಳ್ಳಿ. ಕಣಕುಂಬಿಯಲ್ಲಿ ಅಬಕಾರಿಯವರು ಚೀಲ ತೆಗೆಸಿ ನೋಡುತ್ತಾರೆ, ಸಾಲು ಇದ್ದರೆ ತಡವಾಗುತ್ತದೆ. ಮಲಪ್ರಭೆ ಹುಟ್ಟುವ ಊರು ಅದೇ. ಹೊತ್ತಿದ್ದರೆ ಮಾವುಲಿ ಗುಡಿಯ ಹತ್ತಿರ ಗಾಡಿ ನಿಲ್ಲಿಸಿ ಎಂಜಿನ್ ತಣಿಯಲು ಬಿಡಿ.

ಮನೆಗೆ ಬಂದ ಮಾರನೆಯ ದಿನ ಮುಂದಿನ ಚಕ್ರಗಳ ಸಂದಿಯಿಂದ ಟಾರ್ಚ್ ಹಿಡಿದು ಪ್ಯಾಡ್ ನೋಡಿ. ಉಜ್ಜುವ ಪದರ 3 ಮಿ.ಮೀ.ಗೆ ಬಂದಿದ್ದರೆ ಎರಡೂ ಬದಿಯದನ್ನು ಒಟ್ಟಿಗೇ ಬದಲಿಸಿ. ಒಂದೇ ಬದಿ ಹೊಸದು ಹಾಕಿದರೆ ಮುಂದಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ.